ಧಾರೆಗೆ ಕೂರುವವರು

ಸರ್ವಮಂಗಳಳಿಗೆ ಮಂಡಿನೋವು ಎಂದು ಚಳ್ಳಕೆರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತು ಮಾಡಿಸಿದವನು ಅವಳ ಗಂಡ ಓಂಕಾರಮೂರ್ತಿ. ಶೇಂಗಾ ಎಣ್ಣೆಯ ಮಿಲ್ಲು ನಡೆಸುವವನು. ಯಂತ್ರದ ಸದ್ದಿನ ನಡುವೆ ಮಾತಾಡಿ ಮಾತಾಡಿ ಮೆಲ್ಲಗೆ ಹೇಳುವುದನ್ನೇ ಮರೆತಿದ್ದ. ಮಾರುಕಟ್ಟೆಯಲ್ಲಿ ಯಾರಾದರೂ "ಅಕ್ಕಾರು ಹೆಂಗವ್ರೆ?" ಎಂದರೆ ಸಾಕು, "ಮಂಡಿ, ಮಂಡಿ" ಎಂದು ಆಚೆ ಅಂಗಡಿಯ ದಲ್ಲಾಳಿಗೂ ಕೇಳುವಂತೆ ಕೂಗುತ್ತಿದ್ದ. ಮಂಡಿನೋವಿಗೆ ಊರಿನಲ್ಲಿ ಒಂದು ಮರ್ಯಾದೆಯಿತ್ತು. ಅದು ಎಲ್ಲರ ಮನೆಯಲ್ಲೂ ಒಬ್ಬರಿಗಾದರೂ ಇತ್ತು, ಎಲ್ಲರ ಹತ್ತಿರವೂ ಅದಕ್ಕೊಂದು ಎಣ್ಣೆಯಿತ್ತು.

ನಿಜವಾಗಿ ಆಗಿದ್ದು ಬೇರೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಪಾದಕ್ಕೆ ಜೋಮು ಹಿಡಿಯಿತು. ಮಾರನೆಯ ಸಂಜೆಯ ಹೊತ್ತಿಗೆ ಸೊಂಟದ ಕೆಳಗಿನದೆಲ್ಲ ಯಾರದೋ ಮೈಯನ್ನು ತಂದು ತನಗೆ ಅಂಟಿಸಿದ ಹಾಗಾಯಿತು. ಬೆನ್ನುಹುರಿಗೆ ಉರಿಯೂತ ಎಂದರು ದಾವಣಗೆರೆಯ ಡಾಕ್ಟರು. ಔಷಧಿ, ವ್ಯಾಯಾಮ ಎಲ್ಲ ನಡೆದ ಮೇಲೆ ಕಾಲಿಗೆ ಅಷ್ಟಿಷ್ಟು ಶಕ್ತಿ ಬಂತು. ವಾಕರ್ ಹಿಡಿದು ಮಂಚದಿಂದ ಬಾಗಿಲ ತನಕ ಹೋಗಬಲ್ಲಳು, ಅದರಾಚೆಗೆ ಗಾಲಿಕುರ್ಚಿ. ಆದರೆ ಮೂತ್ರದ ಹಿಡಿತ ಮರಳಲಿಲ್ಲ. ಯಾವಾಗ ಬರುತ್ತದೆಂದು ತಿಳಿಯದು, ಬಂದರೆ ತಡೆಯಲಾಗದು. ಮನೆಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಹೇಳಲೇಬೇಕಾದಾಗ "ಅದು" ಎನ್ನುತ್ತಿದ್ದರು, ಅದೂ ಗೋಡೆ ನೋಡಿಕೊಂಡು.

ಈಗ ಮಗಳು ಮಂಗಳಗೌರಿಯ ಮದುವೆ ಗೊತ್ತಾಗಿತ್ತು. ಚಳ್ಳಕೆರೆಯದೇ ಕಲ್ಯಾಣ ಮಂಟಪ, ಬರುವ ತಿಂಗಳು. "ಧಾರೆ ಎರೆಯೋಕೆ ತೋಟಪ್ಪ ಮತ್ತೆ ಅವನ ಹೆಂಡ್ತಿ ಕೂರ್ತಾರೆ. ನಂಗೆ ಅಷ್ಟೊತ್ತು ಆಗಲ್ಲ," ಎಂದು ಸರ್ವಮಂಗಳ ಒಂದು ದಿನ ಊಟದ ನಡುವೆ ಹೇಳಿಬಿಟ್ಟಳು. ತೋಟಪ್ಪ ಮೈದುನ. ಮಗಳು ಅನ್ನದ ತಟ್ಟೆ ಅಲ್ಲಿಯೇ ಬಿಟ್ಟು ಎದ್ದು ಹೋದಳು. ಅಂದಿನಿಂದ ಅಮ್ಮನ ಜೊತೆ ಮಾತಿಲ್ಲ.

ಸರ್ವಮಂಗಳಳಿಗೆ ಮಾತ್ರ ಆ ಮಂಟಪ ಹಗಲಲ್ಲೂ ಕಣ್ಣಮುಂದೆ ಬರುತ್ತಿತ್ತು. ವೇದಿಕೆ, ಬೀಗರು, ವಿಡಿಯೋದವನ ದೀಪ, ಮಗಳ ಕೈಮೇಲೆ ತನ್ನ ಕೈ. ಅಷ್ಟರಲ್ಲಿ ಮಡಿಲು ಒದ್ದೆ. ಅಲ್ಲಿಂದ ಮುಂದಕ್ಕೆ ಯೋಚಿಸಲು ಅವಳಿಂದ ಆಗುತ್ತಿರಲಿಲ್ಲ.

ಆದರೆ ಸೀರೆಯ ಕೆಲಸವನ್ನು ಯಾರಿಗೂ ಬಿಟ್ಟುಕೊಡುವಂತಿರಲಿಲ್ಲ. ಅವರ ಮನೆತನದಲ್ಲಿ ಮದುಮಗಳ ಸೀರೆಯೂ ಧಾರೆಗೆ ಕೂರುವವಳ ಸೀರೆಯೂ ಮಗ್ಗಕ್ಕೆ ಕಟ್ಟಿದ ಒಂದೇ ಹಾಸುನೂಲಿನ ಮೇಲೆ, ಒಂದಾದ ಮೇಲೆ ಒಂದು, ಮೊಳಕಾಲ್ಮೂರಿನ ಒಂದೇ ಮನೆಯಲ್ಲಿ ನೇಯಿಸಿಕೊಳ್ಳಬೇಕು. ಬಣ್ಣ ಹೇಳಿ ಬರಲು ಮನೆಯ ಹಿರಿ ಸೊಸೆಯೇ ಹೋಗಬೇಕು. ವಾರಗಿತ್ತಿಯನ್ನು ಕಳಿಸಬಹುದಿತ್ತು. ಆದರೆ ವಾರಗಿತ್ತಿಗೆ ಬಣ್ಣ ಎಂದರೆ ಗುಲಾಬಿ ಒಂದೇ. ಕಾಲು ಹೋಗಿದ್ದರೂ ಸರ್ವಮಂಗಳಳ ಕಣ್ಣು ಹೋಗಿರಲಿಲ್ಲವಲ್ಲ.

ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟು, ಒಣಗಿದ ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಂಡು ಕಾರು ಹತ್ತಿದಳು. ತಳಕು ದಾಟಿತು, ಬಿ.ಜಿ. ಕೆರೆ ದಾಟಿತು, ಬಂಡೆಗುಡ್ಡಗಳು ಹತ್ತಿರ ಬಂದವು. ಓಂಕಾರಮೂರ್ತಿ ದಾರಿಯುದ್ದಕ್ಕೂ ಶೇಂಗಾ ಧಾರಣೆಯ ಬಗ್ಗೆ ಮಾತಾಡಿದ. ಬೇರೆ ಯಾವುದರ ಬಗ್ಗೆಯೂ ಮಾತಾಡದಿರಲು ಅದು ಒಳ್ಳೆಯ ವಿಷಯ.

ಅತ್ತೆಯ ಕಾಲದ ನೇಕಾರರು ತೀರಿಕೊಂಡಿದ್ದರು. ಈಗ ಅವರ ಮಗ ಪೆದ್ದಣ್ಣ, ಸೊಸೆ ಓಬಕ್ಕ. ಮನೆಯ ಮುಂದೆ ಮೆಟ್ಟಿಲ ಬದಲು ಸಿಮೆಂಟಿನ ಇಳಿಜಾರು ಇತ್ತು. ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಯಿತು. 'ಟಿವಿಎಸ್ ಗಾಡಿ ಒಳಗಿಡೋಕೆ ಮಾಡಿಸಿಕೊಂಡಿದ್ದಾರೆ, ಜಾಣರು,' ಅಂದುಕೊಂಡಳು ಸರ್ವಮಂಗಳ.

ಪಡಸಾಲೆಯಲ್ಲಿ ಗುಂಡಿ ಮಗ್ಗ. ನೇಯುವವರು ನೆಲದ ಮಟ್ಟದಲ್ಲೇ ಕೂತು ಕಾಲನ್ನು ಗುಂಡಿಗೆ ಇಳಿಬಿಡುವ ಹಳೆಯ ಬಗೆಯದು. ಓಬಕ್ಕ ಅದರಲ್ಲಿ ಕೂತಿದ್ದಳು. ಐವತ್ತರ ಹತ್ತಿರದ ಹೆಂಗಸು, ಅಗಲ ಭುಜ, ಬಾಯಲ್ಲಿ ಎಲೆಅಡಿಕೆ.

"ರಾಮ್ಮಾ, ರಾ. ಎದ್ದು ಬರೋಕೆ ಆಗಲ್ಲ, ಬೇಜಾರು ಮಾಡ್ಕೋಬೇಡ್ರಿ," ಎಂದಳು ಕನ್ನಡಕ್ಕೆ ತೆಲುಗು ಬೆರೆಸಿ.

ನಡುವೆ ಬಿಟ್ಟೆದ್ದರೆ ನೇಯ್ಗೆ ಕೆಡುತ್ತದೇನೋ ಎಂದುಕೊಂಡ ಸರ್ವಮಂಗಳ, "ಪರವಾಗಿಲ್ಲ, ನಿಮ್ಮ ಕೆಲಸ ಮಾಡ್ರಿ," ಎಂದಳು.

ಪೆದ್ದಣ್ಣ ನೂಲಿನ ಬಣ್ಣ ತೋರಿಸುತ್ತೇನೆಂದು ಓಂಕಾರಮೂರ್ತಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಹೋಗುತ್ತಲೇ ಓಂಕಾರಮೂರ್ತಿ "ಮಂಡಿ, ಮಂಡಿ" ಎಂದು ವಿವರಿಸುತ್ತಿದ್ದುದು ಒಳಗೂ ಕೇಳಿತು.

ಬೆಲೆಗೆ ಒಂದಿಷ್ಟು ಚೌಕಾಸಿ ನಡೆಯಿತು, ಮದುಮಗಳ ಸೀರೆಗೆ ಬಣ್ಣ ಬೇಗ ತೀರ್ಮಾನವಾಯಿತು. ಮಾವಿನಹಣ್ಣಿನ ಹಳದಿ, ಕಡುಗೆಂಪು ಅಂಚು. "ಧಾರೆಗೆ ಕೂರೋರು ಯಾರು?" ಎಂದಳು ಓಬಕ್ಕ. "ಅವರ ಮೈಬಣ್ಣ ನೋಡಿ ಹೊಕ್ಕಿನ ನೂಲು ಹಾಕ್ಬೇಕು."

"ನನ್ನ ವಾರಗಿತ್ತಿ. ಸ್ವಲ್ಪ ಬೆಳ್ಳಗವಳೆ."

"ಯಾಕೆ? ತಾಯಿ ನೀವು ಕಲ್ಲುಗುಂಡಂಗೆ ಕೂತಿದ್ದೀರಲ್ಲ."

"ಕೂರೋಕಾಗಲ್ಲ ನನ್ನ ಕೈಲಿ."

"ಈಗ ಮಾಡ್ತಿರೋದೇನು ಮತ್ತೆ? ಕೂತ್ಕೊಂಡೇ ಅಲ್ವಾ ನನ್ನ ಹತ್ರ ಚೌಕಾಸಿ ಮಾಡಿದ್ದು?"

ಸರ್ವಮಂಗಳಳಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಎರಡು ವರ್ಷದಿಂದ ಅವಳ ಹತ್ತಿರ ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಹಾಗಾಗಿ ಯಾರ ಮೇಲೂ ರೇಗಲು ಅವಕಾಶವೇ ಸಿಕ್ಕಿರಲಿಲ್ಲ. "ನಿಮಗೇನ್ರೀ ಗೊತ್ತಾಗುತ್ತೆ!" ಎಂದಳು. "ಇಡೀ ದಿನ ಕಾಲಾಡಿಸ್ಕೊಂಡು ಮಗ್ಗ ನೇಯ್ತೀರ. ಬೇಕಾದಾಗ ಏಳ್ತೀರ, ಬೇಕಾದಲ್ಲಿ ಹೋಗ್ತೀರ. ಕಾಲು ಗಟ್ಟಿಯಿರೋರಿಗೆ ಎಲ್ಲಾ ಸಸಾರ. ಒಂದು ದಿನ, ಒಂದೇ ಒಂದು ದಿನ ನನ್ನಂಗೆ ಇದ್ದು ನೋಡ್ರಿ, ಆಮೇಲೆ ಧಾರೆಗೆ ಕೂರು ಅಂತ ಹೇಳೀರಂತೆ!" ಇನ್ನೂ ಏನೇನೋ ಹೇಳಿದಳು. ದೇವರನ್ನು ಬೈದಳು, ಡಾಕ್ಟರನ್ನು ಬೈದಳು, ಏನೂ ತಪ್ಪು ಮಾಡದ ವಾರಗಿತ್ತಿಯನ್ನೂ ಬೈದಳು.

ಓಬಕ್ಕ ಅಡಿಕೆ ಜಗಿಯುತ್ತ ಎಲ್ಲ ಕೇಳಿದಳು. ಮುಗಿದ ಮೇಲೆ, "ಆಯ್ತಾ? ಹಂಗಾದ್ರೆ ಆ ಪರದೆ ಹಿಂದೆ ನನ್ನ ಗಾಡಿ ಐತೆ. ಸ್ವಲ್ಪ ಇತ್ಲಾಗೆ ನೂಕಮ್ಮಾ," ಎಂದಳು.

ಸರ್ವಮಂಗಳ ಪರದೆ ಸರಿಸಿದಳು. ಟಿವಿಎಸ್ ಅಲ್ಲ. ತನ್ನದರಂಥದೇ ಗಾಲಿಕುರ್ಚಿ, ಇನ್ನಷ್ಟು ಹಳೆಯದು, ಕೈಹಿಡಿಗೆ ಕೆಂಪು ರೇಷ್ಮೆ ನೂಲು ಸುತ್ತಿದ್ದದ್ದು.

ಓಬಕ್ಕ ಎರಡೂ ಅಂಗೈ ಊರಿ ಗುಂಡಿಯಿಂದ ತನ್ನನ್ನು ಮೇಲೆತ್ತಿಕೊಂಡು ಪಕ್ಕದ ಹಲಗೆಗೆ ಬಂದಳು. ಆಮೇಲೆ ಮಂಡಿಯ ಹತ್ತಿರ ಸೀರೆ ಹಿಡಿದು ಒಂದು ಕಾಲನ್ನು ಮೇಲೆಳೆದುಕೊಂಡಳು, ಆಮೇಲೆ ಇನ್ನೊಂದನ್ನು, ಒಗೆದ ಬಟ್ಟೆ ಎತ್ತಿಡುವಂತೆ. ಆ ಎಳೆತ ಸರ್ವಮಂಗಳಳಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಮಂಚದ ಮೇಲೆ ಅವಳೂ ಹಾಗೆಯೇ ಎಳೆದುಕೊಳ್ಳುತ್ತಿದ್ದಳು. ಬೇರೆ ಯಾರಾದರೂ ಎಳೆದುಕೊಳ್ಳುವುದನ್ನು ಇದುವರೆಗೆ ನೋಡಿರಲಿಲ್ಲ, ಅಷ್ಟೆ. ಅವಳ ಮುಖ ಕಿವಿಯ ತನಕ ಬಿಸಿಯಾಯಿತು.

"ನನ್ನ ಗಟ್ಟಿ ಕಾಲು ನೋಡಿದ್ರಾ?" ಎಂದಳು ಓಬಕ್ಕ. "ನೂಲು ಒಣಗಿಸೋಕೆ ಮಾಳಿಗೆ ಹತ್ತಿದ್ದೆ. ಹತ್ತಿದ್ದಷ್ಟೇ ಮೆಟ್ಟಿಲ ಮೇಲೆ, ಇಳಿದಿದ್ದು ಸೀದಾ. ಬೆನ್ನುಮೂಳೆ ಮುರೀತು. ಆಗ ನನ್ನ ಮಗ ಶಿವರಾಮ ಇನ್ನೂ ಸ್ಕೂಲಿಗೆ ಸೇರಿರಲಿಲ್ಲ, ಈಗ ಅವನಿಗೇ ಮೀಸೆ ಬಂದೈತೆ."

"ಮತ್ತೆ... ಮಗ್ಗ?"

"ಕಾಲುಮಣೆಗೆ ಮೋಟಾರು ಹಾಕವ್ರೆ. ಮೊಣಕೈಲಿ ಸ್ವಿಚ್ಚು ಒತ್ತಿದ್ರೆ ಅದೇ ತುಳೀತೈತೆ. ಗುಂಡೀಲಿ ಕೂತ್ರೆ ಎಲ್ಲಾ ನೇಕಾರರೂ ಒಂದೇ ಕಾದಾ? ಬಂದೋರು ಯಾರೂ ಕಾಲು ಕೇಳಲ್ಲ, ಸೀರೆ ಕೇಳ್ತಾರೆ." ಅವಳು ಗಾಡಿಗೆ ಏರಿಕೊಂಡು ಸೆರಗು ಸರಿಮಾಡಿಕೊಂಡಳು. "ಹಿಂಗೆ ಬೈದೋರು ನೀವೇ ಮೊದಲು."

"ತಪ್ಪಾಯ್ತು ಓಬಕ್ಕ."

"ತಪ್ಪು ಇರ್ಲಿ. ನೀರು ಕುಡಿದು ಎಷ್ಟೊತ್ತಾಯ್ತು?"

ಸರ್ವಮಂಗಳ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು.

"ತುಟಿ ಹೇಳ್ತೈತೆ. ನಾವೆಲ್ಲ ಮೊದಲು ಮಾಡೋದು ಇದೇ ಮೂರ್ಖತನ. ನೀರು ಬಿಟ್ರೆ ಅದೂ ಬಿಡ್ತೈತೆ ಅನ್ಕೊಂತೀವಿ. ಅದು ಬಿಡಲ್ಲ. ಮೇಲೆ ಉರಿ, ಚಳಿಜ್ವರ ಬೇರೆ ಬರ್ತೈತೆ." ಓಬಕ್ಕ ಕುರ್ಚಿಯನ್ನು ಹತ್ತಿರ ತಂದಳು, ಆದರೆ ದನಿ ತಗ್ಗಿಸಲಿಲ್ಲ. "ಮಂಟಪದಲ್ಲಿ ಉಚ್ಚೆ ಆಗ್ತೈತೆ ಅಂತ ತಾನೇ ಧಾರೆ ಬೇಡ ಅಂದಿದ್ದು?"

ಆ ಮಾತು ಪಡಸಾಲೆಯ ನಡುವೆ ಬಿತ್ತು. ಮನೆ ಕುಸಿಯಲಿಲ್ಲ. ಹಿತ್ತಲಲ್ಲಿ ಗಂಡಸರು ಬಣ್ಣದ ಬಗ್ಗೆ ಮಾತಾಡುತ್ತಲೇ ಇದ್ದರು. ಸರ್ವಮಂಗಳ ಹೌದೆಂದು ತಲೆಯಾಡಿಸಿದಳು, ಆಡಿಸುತ್ತಲೇ ಅತ್ತಳು.

"ಅಳ್ರಿ ಅಳ್ರಿ, ಮೈಯಲ್ಲಿರೋ ನೀರು ಆ ಕಡೆಯಿಂದಾದ್ರೂ ಹೋಗ್ಲಿ," ಎಂದಳು ಓಬಕ್ಕ. "ನನ್ನ ಕತೆ ಕೇಳ್ರಿ. ದುರ್ಗದಲ್ಲಿ ನೇಕಾರರ ಸಮಾರಂಭ. ನಂಗೆ ಸನ್ಮಾನ. ವೇದಿಕೆ ಮೇಲೆ ದೊಡ್ಡ ದೊಡ್ಡೋರು. ಒಬ್ಬರು ಭಾಷಣ ಶುರು ಮಾಡಿದ್ರು ನೋಡ್ರಿ, ಮುಗಿಸೋ ಅಂದಾಜೇ ಇಲ್ಲ. ನನ್ನ ಹೊತ್ತು ಮೀರಿತು. ಆಗೇ ಹೋಯ್ತು, ಕೂತಲ್ಲೇ. ಸರಿಯಾಗಿ ಆಗ ಎದ್ದು ಬಂದು ಶಾಲು ಹೊದಿಸಿದ್ರು. ನಾನು ಅದನ್ನ ಹೆಗಲಿಂದ ಎಳ್ಕೊಂಡು ಮಡಿಲಿಗೆ ಹಾಕ್ಕೊಂಡೆ. ಶಾಲು ಕೊಡೋದು ಇದಕ್ಕೇ ಅಂತ ಅವತ್ತೇ ನಂಗೆ ಗೊತ್ತಾಗಿದ್ದು!"

ಸರ್ವಮಂಗಳಳಿಗೆ ಅಳುವಿನ ನಡುವೆಯೇ ನಗು ನುಗ್ಗಿ ಕೆಮ್ಮು ಬಂತು. "ಆಮೇಲೆ? ಸತ್ತೇ ಹೋಗ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಊಟಕ್ಕೆ ಹೋಳಿಗೆ ಇತ್ತು, ತಿಂದು ಸಾಯೋಣ ಅಂದ್ಕೊಂಡೆ. ತಿಂದ ಮೇಲೆ ಅಷ್ಟು ಅನ್ನಿಸ್ಲಿಲ್ಲ."

ಓಬಕ್ಕ ಕುರ್ಚಿಯ ಪಕ್ಕದಿಂದ ಒಂದು ಚೀಲ ತೆಗೆದಳು. ಉಳಿದ ಜರಿ ತುಂಡಿನಿಂದ ಹೊಲಿದ, ಮದುವೆಗೂ ಒಯ್ಯಬಹುದಾದ ಚೀಲ. ಒಳಗೆ ಸೋಪು, ಒರೆಸುವ ಬಟ್ಟೆ, ಒಡೆಯದ ಪೊಟ್ಟಣದಲ್ಲಿ ತೆಳ್ಳನೆಯ ನಳಿಗೆಗಳು. ಹೊತ್ತುಹೊತ್ತಿಗೆ ಮೂತ್ರವನ್ನು ತಾವೇ ಹೊರತೆಗೆದುಕೊಳ್ಳಲು ಬಳಸುವ ಆ ಕ್ಯಾಥೆಟರ್ ನಳಿಗೆಯನ್ನು ಸರ್ವಮಂಗಳ ಕಂಡಿರಲಿಲ್ಲವೆಂದಲ್ಲ. ಆಸ್ಪತ್ರೆಯಲ್ಲಿ ನರ್ಸು ಕಲಿಸಿದ್ದಳು. ಮನೆಗೆ ಬಂದ ದಿನ ಓಂಕಾರಮೂರ್ತಿ ಅದನ್ನು ನೋಡಿ ತಟ್ಟನೆ ಕಿಟಕಿಯ ಕಡೆ ತಿರುಗಿದ್ದ. ಅಷ್ಟೇ ಸಾಕಾಗಿತ್ತು.

"ನಿಮ್ದು ಎಲ್ಲಿಟ್ಟಿದ್ದೀರಿ?" ಎಂದಳು ಓಬಕ್ಕ.

"ಬೀರು ಹಿಂದೆ."

"ಪರವಾಗಿಲ್ಲ. ಸಿದ್ದಾಪುರದ ದುರುಗಣ್ಣ ಕುರಿಹಟ್ಟಿ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ."

ದುರುಗಣ್ಣ ಕುರಿ ಕಾಯುತ್ತ ಬಂಡೆಯಿಂದ ಜಾರಿದವನು. ಅವನೂ ಓಬಕ್ಕನೂ ಇನ್ನೂ ಕೆಲವರೂ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಬೆಳಗಾದರೆ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು. ಓಬಕ್ಕ ಫೋನು ಒತ್ತಿ ಬೆಳಿಗ್ಗೆ ಬಂದಿದ್ದ ವಾಯ್ಸ್ ಮೆಸೇಜು ಕೇಳಿಸಿದಳು. ಮೊದಲು ಕುರಿಗಳ ಕೂಗು, ಆಮೇಲೆ ಗಂಡುದನಿ: "ಓಬಕ್ಕಾ, ಆಯ್ತಾ? ನಂದಾಯ್ತು. ನಿಂದು ಆಗಿಲ್ಲಾಂದ್ರೆ ಮಗ್ಗಕ್ಕೆ ಕೂರಬ್ಯಾಡ."

ಗಂಡ, ಮಗಳು, ಮೈದುನ ಎಲ್ಲರೂ ಅವಳಿಗೆ ಧೈರ್ಯ ಹೇಳಿದ್ದರು. 'ಆಯ್ತಾ' ಎಂದು ಯಾರೂ ಕೇಳಿರಲಿಲ್ಲ.

ಓಬಕ್ಕನ ಬಚ್ಚಲಿಗೆ ಅಗಲವಾದ ಬಾಗಿಲಿತ್ತು, ಗೋಡೆಗೆ ಹಿಡಿಯಲು ಕಂಬಿಯಿತ್ತು. ಎರಡು ಗಾಡಿಗಳು ಆ ಬಾಗಿಲಲ್ಲಿ 'ಮೊದಲು ನೀವು' ಎನ್ನುತ್ತ ಒಂದಕ್ಕೊಂದು ಸಿಕ್ಕಿಕೊಂಡು, ಬಿಡಿಸಿಕೊಂಡು ಒಳಗೆ ಹೋದವು. ಸ್ವಲ್ಪ ಹೊತ್ತು ಗದರುವ ದನಿ ಕೇಳಿತು: "ಕೈ ಮೊದಲು ತೊಳ್ಕೊ ಅಂದೆ. ಹೆದರ್ಕೊಂಡ್ರೆ ಬಿಗಿ ಆಗ್ತೈತೆ, ಉಸಿರು ಬಿಡು ತಾಯಿ." ಮರ್ಯಾದೆಯ ಬಹುವಚನ ಆ ಬಚ್ಚಲಲ್ಲೇ ಉಳಿದುಹೋಯಿತು. ಹೊರಗೆ ಬಂದ ಮೇಲೆ ಸರ್ವಮಂಗಳ ಒಂದು ಚೊಂಬು ನೀರು ಗಟಗಟ ಕುಡಿದಳು.

"ಇದ್ರಿಂದ ಇನ್ಮುಂದೆ ಒದ್ದೆನೇ ಆಗಲ್ವಾ?" ಎಂದು ಕೇಳಿದಳು.

"ಆಗಲ್ಲ ಅಂತ ಯಾರು ಹೇಳಿದ್ರು? ಕಮ್ಮಿ ಆಗ್ತೈತೆ. ಆದ ದಿನ ಆಗ್ತೈತೆ. ಅದಕ್ಕೇ ನಾನೂ ಮದುವೆಗೆ ಬರ್ತೀನಿ, ಮುಂದಿನ ಸಾಲಲ್ಲಿ ಕೂರ್ತೀನಿ. ನೀನು ನನ್ನ ಕಡೆ ಹಿಂಗೆ ನೋಡು, ನಾನು ಎದೆ ಹಿಡ್ಕೊಂಡು ಅಯ್ಯಯ್ಯೋ ಅಂತ ಕಿರುಚ್ತೀನಿ. ಮಂಟಪ ಪೂರ್ತಿ ನನ್ನ ಕಡೆ ತಿರುಗ್ತೈತೆ. ನೀನು ಆರಾಮಾಗಿ ಒಳಗೆ ಹೋಗಿ ಸೀರೆ ಬದಲಾಯಿಸ್ಕೊ."

ಗಂಡಸರು ಒಳಗೆ ಬಂದಾಗ ಇಬ್ಬರು ಹೆಂಗಸರೂ ನಗುತ್ತಿದ್ದರು. ಎರಡು ಗಾಲಿಕುರ್ಚಿ ನೋಡಿ ಓಂಕಾರಮೂರ್ತಿ ಒಂದು ಕ್ಷಣ ತಬ್ಬಿಬ್ಬಾದ. "ಇವರಿಗೂ ಮಂಡಿನಾ?" ಎಂದ.

"ಅಲ್ಲ, ಬೆನ್ನುಹುರಿ," ಎಂದಳು ಸರ್ವಮಂಗಳ. "ನನ್ನಂಗೆ."

ಪೆದ್ದಣ್ಣ ಹೊಕ್ಕಿನ ನೂಲಿನ ಲಡಿಗಳನ್ನು ಮುಂದೆ ಹರಡಿ, "ಧಾರೆ ಸೀರೆಗೆ ಯಾವುದು ಅಮ್ಮಾ?" ಎಂದ. ಅವಳು ಕಡುನೀಲಿಯದನ್ನು ಎತ್ತಿ ತನ್ನ ಮುಂಗೈ ಮೇಲೆ ಹಾಸಿ ನೋಡಿಕೊಂಡಳು. ವಾರಗಿತ್ತಿಯದಲ್ಲ, ತನ್ನ ಕಪ್ಪು ಮುಂಗೈ. ಓಂಕಾರಮೂರ್ತಿ ಅದನ್ನು ನೋಡಿದ. ಇಳಿಜಾರು ಇಳಿದು ಹೊರಗೆ ಹೋದ. ಅವನು ಮಗಳಿಗೆ ಫೋನು ಮಾಡುತ್ತಿದ್ದುದು ಒಳಗಿದ್ದವರಿಗೆಲ್ಲ ಕೇಳಿಸಿತು, ಬೀದಿಗೂ ಕೇಳಿಸಿರಬೇಕು. ವಾಪಸು ಬಂದಾಗ ಕಣ್ಣೊರೆಸಿಕೊಳ್ಳುತ್ತ, ಈ ಊರಲ್ಲಿ ಧೂಳು ಜಾಸ್ತಿ ಎಂದು ದೂರಿದ.

ವಾಪಸು ಬರುವಾಗ ಕಾರು ಮೊಳಕಾಲ್ಮೂರು ಪಕ್ಕದ ಹಾನಗಲ್ ದಾಟುತ್ತಿದ್ದಂತೆ ಸರ್ವಮಂಗಳ ಕಲ್ಯಾಣ ಮಂಟಪದ ಮ್ಯಾನೇಜರ್ ಚಂದ್ರಶೇಖರನಿಗೆ ಫೋನು ಹಚ್ಚಿದಳು.

"ಚಂದ್ರಶೇಖರ್, ಹೆಣ್ಣಿನ ಕಡೆ ಕೋಣೆ ಬಚ್ಚಲಿನ ಬಾಗಿಲು ಎಷ್ಟು ಅಗಲ ಐತೆ?"

"ಬಚ್ಚಲಾ? ಗೊತ್ತಿಲ್ಲ ಮೇಡಂ. ಸ್ಟೇಜ್ ಅಳತೆ ಬೇಕಾದ್ರೆ ಹೇಳ್ತೀನಿ."

"ಸ್ಟೇಜಿಗೆ ಹಲಗೆ ಹಾಕಿಸ್ತೀವಿ, ಅದಿರ್ಲಿ. ಬಚ್ಚಲು ಅಳೀರಿ. ಗಾಲಿಕುರ್ಚಿ ಒಳಗೆ ಹೋಗಿ ತಿರುಗ್ಬೇಕು."

"ಯಾರಾದ್ರೂ ವಯಸ್ಸಾದೋರು ಬರ್ತಾರಾ ಮೇಡಂ?"

"ಧಾರೆ ಎರೆಯೋರು ಬರ್ತಾರೆ. ನಾನೇ. ಮೊಳಕಾಲ್ಮೂರಿಂದ ನನ್ನ ಗೆಳತೀನೂ ಬರ್ತಾರೆ. ನಂಗೆ ಹೊತ್ತಿಗೆ ಸರಿಯಾಗಿ ಮೂತ್ರಕ್ಕೆ ಹೋಗ್ಬೇಕು, ಮುಹೂರ್ತ ಇರ್ಲಿ ಏನೇ ಇರ್ಲಿ. ಪುರೋಹಿತರಿಗೂ ನಾನೇ ಹೇಳ್ತೀನಿ."

ಓಂಕಾರಮೂರ್ತಿಯ ಕಿವಿ ಕೆಂಪಾಗಿತ್ತು. ರಸ್ತೆಯನ್ನು ಅಷ್ಟು ಶ್ರದ್ಧೆಯಿಂದ ಅವನು ಎಂದೂ ನೋಡಿರಲಿಲ್ಲ. ಫೋನಿನ ಆಚೆ ಚಂದ್ರಶೇಖರ ಟೇಪು ಹುಡುಕುತ್ತ ಯಾರನ್ನೋ ಬೈಯುತ್ತಿದ್ದ.

ಸ್ವಲ್ಪ ದೂರ ಹೋದ ಮೇಲೆ ಓಂಕಾರಮೂರ್ತಿ ಗಂಟಲು ಸರಿಮಾಡಿಕೊಂಡ. "ಅಗಲ ಒಂದೇ ಕೇಳಿದ್ರೆ ಆಗಲ್ಲ ಸರ್ವಿ," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. "ಚಿಲಕ ಹೆಂಗೈತೆ ಕೇಳು. ಹೋದ ಸಲ ಅಲ್ಲಿ ತೋಟಪ್ಪ ಒಳಗೆ ಸಿಕ್ಕಾಕ್ಕೊಂಡು, ಬಾಗಿಲು ಒಡೆದು ತೆಗೆಯೋ ಹೊತ್ತಿಗೆ ಊಟ ಎಲ್ಲ ಮುಗಿದುಹೋಗಿತ್ತು."