ಯಳಂದೂರಿನ ಬಿಳಿ ಅಂಬಾಸಿಡರ್

ಹನೂರಿನ ರಂಗನಾಯಕ ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವನು. ಮಾದಪ್ಪನ ಬೆಟ್ಟದ ಒಂದೊಂದು ತಿರುವೂ ಅವನಿಗೆ ಗೊತ್ತು. ವಯಸ್ಸಾಯಿತೆಂದು ಟ್ಯಾಕ್ಸಿ ಮಾರಿದ. ಅಂಬಾಸಿಡರ್ ಮೇಲಿನ ಆಸೆ ಮಾತ್ರ ಹೋಗಲಿಲ್ಲ.

ಒಂದು ದಿನ ಫೋನಿನಲ್ಲಿ ಜಾಹೀರಾತು ಕಂಡಿತು. ಹಾಲಿನಂಥ ಬಿಳಿ ಅಂಬಾಸಿಡರ್, ಹಳೇ ಮಾಡೆಲ್. ಗಾಡಿ ಯಳಂದೂರಿನಲ್ಲಿದೆಯಂತೆ. ಫೋನ್ ಮಾಡಿದರೆ ಮಾರುವವನು, "ಇನ್ನೂ ಇಬ್ರು ಕೇಳ್ತಾವ್ರೆ ಸಾ. ಇವತ್ತೇ ಅಡ್ವಾನ್ಸ್ ಹಾಕಿ. ಗಾಡೀನ ನಿಮ್ಮನೆ ಬಾಗ್ಲಿಗೇ ಕಳಿಸ್ತೀನಿ" ಅಂದ.

ರಂಗನಾಯಕ ಕನ್ನಡಕ ಹಾಕಿಕೊಂಡು ದುಡ್ಡು ಕಳಿಸಲು ಕೂತ. ಅಷ್ಟರಲ್ಲಿ ಸೊಸೆ ಕವಿತ ಬಂದಳು. ಅವಳು ಕೊಳ್ಳೇಗಾಲದಲ್ಲಿ ವಾಹನ ವಿಮೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ.

"ಮಾವ, ಗಾಡಿ ನೋಡಿದ್ರಾ?"

"ಫೋಟೋ ನೋಡ್ದೆ ಕಣವ್ವ. ಅಷ್ಟು ಸಾಕು. ಅಂಬಾಸಿಡರ್ ವಿಷ್ಯ ನಂಗೇ ಏಳ್ಕೊಡ್ತೀಯಾ?"

"ಗಾಡಿ ವಿಷ್ಯ ನಿಮ್ಗೇ ಗೊತ್ತು ಮಾವ. ಆದ್ರೆ ಫೋಟೋದಲ್ಲಿ ಅಡಿ ಕಾಣ್ತದಾ? ಇಂಜಿನ್ ಸದ್ದು ಕೇಳ್ತದಾ? ಆರ್‌ಸಿ ಯಾರ ಎಸ್ರಲ್ಲೈತೆ?"

ರಂಗನಾಯಕ ಫೋನ್ ಕೆಳಗಿಟ್ಟ. ಹೆಂಡತಿ ಸೋಮಮ್ಮ ಸೊಪ್ಪು ಸೋಸುತ್ತಲೇ, "ಯಳಂದೂರೇನು ದೂರವಾ? ಎದ್ದೋಗಿ ನೋಡ್ಕಂಡ್ ಬನ್ನಿ" ಅಂದಳು.

ಮಾವ, ಸೊಸೆ ಇಬ್ಬರೂ ಭಾನುವಾರ ಬಸ್ಸು ಹತ್ತಿದರು. ಶೆಡ್ಡಿನಲ್ಲಿ ನಿಂತಿದ್ದ ಕಾರು ಫೋಟೋಗಿಂತ ಚೆನ್ನಾಗಿತ್ತು. ರಂಗನಾಯಕನ ಮುಖ ಅರಳಿತು. ಆದರೆ ಬಾನೆಟ್ ಮುಟ್ಟಿದರೆ ಬಿಸಿ. ತಣ್ಣಗಿದ್ದಾಗ ಇಂಜಿನ್ ಸ್ಟಾರ್ಟ್ ಆಗಲ್ಲವೇನೋ, ಅದಕ್ಕೇ ಮೊದಲೇ ಓಡಿಸಿಟ್ಟಿದ್ದಾನೆ ಅನ್ನೋ ಅನುಮಾನ ಬಂತು. ಗೋಣಿಚೀಲ ಹಾಸಿ, ಗಾಡಿ ಅಡಿ ತೂರಿದ. ಹೊಸ ಬಣ್ಣ ಬಳಿದ ತಗಡಿಗೆ ಮನೆ ಬೀಗದ ಕೈ ಒತ್ತಿದ. ಅದು ಸಲೀಸಾಗಿ ಒಳಕ್ಕೆ ಹೋಯಿತು. ತುಕ್ಕಿನ ಪುಡಿ ಮುಖದ ಮೇಲೆ ಉದುರಿತು. ಮುಂದಿನ ಚಕ್ರ ಕೂರುವ ಜಾಗವೂ ಹಾಗೇ ತಿಂದುಹೋಗಿತ್ತು.

ಕವಿತ ಆರ್‌ಸಿ ಕೇಳಿದಳು. ಅದರಲ್ಲಿದ್ದದ್ದು ಮಾರುವವನ ಹೆಸರಲ್ಲ. ಗಾಡಿಯ ಚಾಸಿ ನಂಬರನ್ನು ಯಾರೋ ಉಜ್ಜಿದ್ದರು.

"ಓನರ್ ತೀರ್ಕಂಡವ್ರೆ. ಸೈನ್ ಎಲ್ಲ ಆಮೇಲೆ ಮಾಡಿಸ್ಕೊಡ್ತೀನಿ" ಅಂದ ಮಾರುವವನು.

ರಂಗನಾಯಕ ಗಾಡಿ ಬೇಡವೆಂದು ಹೊರಟ. ಬಸ್‌ಸ್ಟಾಂಡಿಗೆ ಬಂದ ಮೇಲೆ ಮೆಲ್ಲಗೆ ಹೇಳಿದ: "ಇದ್ರಲ್ಲಿ ನಿಮ್ಮತ್ತೇನ ಕೂರಿಸ್ಕಂಡು ಬೆಟ್ಟ ಇಳ್ದಿದ್ರೆ ಏನ್ ಗತಿ ಕಣವ್ವ?"

ಸ್ವಲ್ಪ ದಿನ ಕಳೆಯಿತು. ಮಾರ್ಟಳ್ಳಿಯಿಂದ ಅವನ ತಮ್ಮನ ಮಗ ನಾಗರಾಜು ಫೋನ್ ಮಾಡಿದ. ಮದುವೆ ಬಾಡಿಗೆಗೆ ಬಿಡಲು ಅವನೂ ಹಳೇ ಕಾರು ಹುಡುಕುತ್ತಿದ್ದ.

"ದೊಡ್ಡಪ್ಪ, ಯಳಂದೂರಲ್ಲಿ ಒಳ್ಳೆ ಬಿಳಿ ಅಂಬಾಸಿಡರ್ ಸಿಕ್ತು. ಫೋಟೋ ಬಂದೈತೆ. ಅಡ್ವಾನ್ಸ್ ಕಳಿಸ್ಬುಡ್ಲಾ?"

"ತಡೀಲಾ! ಅದ್ರ ಅಡೀಲಿ ನಾನೇ ಮಲಗೆದ್ದು ಬಂದಿವ್ನಿ. ಒಂದ್ರುಪಾಯ್ನೂ ಕಳಿಸ್ಬ್ಯಾಡ. ಬ್ಯಾರೆ ಗಾಡಿ ಎಲ್ಲಾರ ಕಂಡ್ರೆ ನನ್ನ ಕರಿ, ಇಬ್ರೂ ಓಗಿ ನೋಡವ."

ಬಂಧುಗಳೇ, ಹಳೇ ಕಾರಿನ ಮೇಲೆ ಆಸೆ ಪಡೋದು ತಪ್ಪಲ್ಲ. ಆದರೆ ಬರೀ ಫೋಟೋ ನಂಬಿ ಅಡ್ವಾನ್ಸ್ ಕಳಿಸಬೇಡಿ. ಗಾಡಿ ಇರುವ ಕಡೆ ಹಗಲಿನಲ್ಲೇ ಹೋಗಿ, ಗೊತ್ತಿರುವ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಳ್ಳಿ. ಅಡಿ ನೋಡಿ, ಓಡಿಸಿ ನೋಡಿ, ಆರ್‌ಸಿಯ ಹೆಸರನ್ನೂ ಚಾಸಿ ನಂಬರನ್ನೂ ತಾಳೆ ಮಾಡಿ. ಮಾರುವವನು "ಬರೋದೇ ಬೇಡ" ಅಂದರೆ ಆ ಗಾಡಿಯನ್ನು ಅಲ್ಲೇ ಬಿಡಿ. ಅದರಲ್ಲಿ ಕೂರುವವರು ನಿಮ್ಮ ಮನೆಯವರೇ.