ಅತ್ತೆ ಕೈಯ ಜುಮ್ಮು

ಸಂಜಯ್ ಕೈಗೆ ಕಟ್ಟಿದ್ದ ಪಟ್ಟಿ ಎಂಟು ದಿನದಿಂದ ಮಿಸುಕಾಡಿರಲಿಲ್ಲ. ಇವನು ಕಡಕೊಳದ ಫ್ಯಾಕ್ಟರಿಯಲ್ಲಿ. ಹೆಂಡತಿ ಸಿಂಚನ ವಿದ್ಯಾರಣ್ಯಪುರಂನ ತವರಿನಲ್ಲಿ. ಏನು ಹೇಳಿದರೂ ಫೋನಿನಿಂದ ತಲೆ ಎತ್ತದೆ ‘ಹ್ಞೂಂ’ ಅನ್ನುವ ಗಂಡನ ಮೇಲೆ ಮುನಿದು ಹೋಗಿದ್ದಳು. ಇವನು ಪ್ರೇಮಿಗಳು ಕಟ್ಟಿಕೊಳ್ಳುವ ಜೋಡಿ ಎಲೆಕ್ಟ್ರಾನಿಕ್ ಪಟ್ಟಿ ತರಿಸಿ ಒಂದನ್ನು ಅವಳಿಗೆ ಕಳಿಸಿದ್ದ. ಅಲ್ಲಿ ತಟ್ಟಿದರೆ ಇಲ್ಲಿ ಜುಮ್ಮೆನ್ನುತ್ತದೆ. ‘ಕೋಪ ಇಳಿದ ದಿನ ಒಂದೇ ಸಲ ತಟ್ಟು, ಓಡಿ ಬರ್ತೀನಿ’ ಎಂದು ಚೀಟಿಯನ್ನೂ ಬರೆದಿದ್ದ.

ಒಂಬತ್ತನೆಯ ದಿನ ಮಧ್ಯಾಹ್ನ ಪಟ್ಟಿ ಜುಮ್ಮೆಂದಿತು. ಮತ್ತೆ ಜುಮ್ಮೆಂದಿತು. ಆಮೇಲೆ ನಿಲ್ಲಲೇ ಇಲ್ಲ. ಕೈಲಿದ್ದ ಟೀ ಲೋಟ ಎಷ್ಟು ನಡುಗಿತೆಂದರೆ, ಟೀ ಕಡೆದು ನೊರೆಯೆದ್ದು ಪಕ್ಕದ ಮಹೇಶನ ಮೀಸೆಗೆ ಹಾರಿತು.

“ನಿನ್ ಹೆಂಡ್ತಿ ಕರೀತಾವ್ಳೋ, ಬಡೀತಾವ್ಳೋ?” ಎಂದ ಮಹೇಶ.

“ಕರೀತಾವ್ಳೆ ಕಣೋ! ಅರ್ಧ ದಿನ ರಜ ಅಂತ ಹೇಳ್ಬುಡು!”

ಸ್ಕೂಟರ್ ಹಾರಿತು. ನಂಜನಗೂಡು ರಸ್ತೆಯ ಹಂಪುಗಳೆಲ್ಲ ಹೆದರಿ ತಗ್ಗಿ ದಾರಿ ಬಿಟ್ಟವು.

ಅಡುಗೆಮನೆಗೆ ನುಗ್ಗಿದರೆ, ಅತ್ತೆ ಬೆಟ್ಟಮ್ಮ ನೆಲದಲ್ಲಿ ಕೂತು, ಪಾತ್ರೆಯನ್ನು ಪಾದದಲ್ಲಿ ಒತ್ತಿ ಹಿಡಿದು ಕೋಲಿನಿಂದ ರಾಗಿಮುದ್ದೆ ತಿರುವುತ್ತಿದ್ದಾರೆ. ಪಟ್ಟಿ ಅವರ ಕೈಯಲ್ಲಿ! ಕೋಲಿನ ಒಂದೊಂದು ಕುಟ್ಟಿಗೂ ಅಳಿಯನ ಕೈ ಜುಮ್ ಜುಮ್.

“ಇವ್ಳು ಬಿಸಾಕ್ಬುಟ್ಟಿದ್ಲು. ಕೈನೋವಿಗೆ ಒಳ್ಳೇದೇನೋ ಅಂತ ನಾನ್ ಕಟ್ಕಂಡೆ ಕಣಪ್ಪ” ಎಂದರು ಬೆಟ್ಟಮ್ಮ.

ಬಾಗಿಲಲ್ಲಿ ಸಿಂಚನ. “ನಾನಂತೂ ತಟ್ಟಿಲ್ಲ ಕಣ್ರೀ. ಮಾತಾಡಿ ಅಂದ್ರೆ ಇನ್ನೊಂದು ಮಿಷಿನ್ನು ಕಳಿಸ್ತೀರಲ್ಲ!”

ಸಂಜಯ್ ಮುಖ ಬಾಡಿತು. ಹೊರಡಲು ತಿರುಗಿದವನು ಹಾಗೇ ನಿಂತ. ಪಟ್ಟಿ ಬಿಚ್ಚಿದ, ಫೋನ್ ತೆಗೆದ, ಎರಡನ್ನೂ ಅತ್ತೆಗೆ ಕೊಟ್ಟ. ಬೆಟ್ಟಮ್ಮ ಅವನ್ನು ರಾಗಿಹಿಟ್ಟಿನ ಡಬ್ಬಕ್ಕೆ ತುರುಕಿ ಮುಚ್ಚಳ ಬಿಗಿದರು.

“ಈಗ ಹೇಳು. ಎಲ್ಲಾನೂ ಕೇಳ್ತೀನಿ” ಎಂದು ಅವನು ನೆಲದ ಮೇಲೆಯೇ ಕೂತ.

ಸಿಂಚನ ಶುರು ಮಾಡಿದಳು. ಮುದ್ದೆ ಆರಿ ಕಲ್ಲಾಯಿತು. ಗಡಿಯಾರದ ಮುಳ್ಳು ಸುಸ್ತಾಗಿ ಆರರ ಮೇಲೆ ಜೋತುಬಿತ್ತು. ಸೊಪ್ಪು ಮಾರಲು ಬಂದ ಮಂಚಮ್ಮ ಕುಕ್ಕೆ ಇಳಿಸಿ ಕೇಳುತ್ತಾ ಕೂತರೆ, ಕುಕ್ಕೆಯ ಸೊಪ್ಪೆಲ್ಲ ಹೂಬಿಟ್ಟಿತು. ಸಂಜಯ್ ಮಾತ್ರ ಅವಳ ಮುಖದಿಂದ ಕಣ್ಣು ಕೀಳಲಿಲ್ಲ.

“ಆಮೇಲೆ? ಅದಕ್ಕೆ ನೀನೇನಂದೆ?” ಎಂದು ಮುಂದಕ್ಕೆ ಜರುಗಿ ಕೇಳಿದ.

ಸಿಂಚನ ತಟ್ಟನೆ ಮಾತು ನಿಲ್ಲಿಸಿ, ಒಳಗೆ ಹೋಗಿ ಬ್ಯಾಗು ತಂದಳು.

“ಇನ್ನೂ ಮುಕ್ಕಾಲು ಪಾಲು ಅದೆ. ಗಾಡೀಲಿ ಹೇಳ್ತೀನಿ, ನಿಧಾನಕ್ಕೆ ಓಡ್ಸಿ.”