ಮೊದಲು ಹೂವು, ಆಮೇಲೆ ಮರ

ಗಾಂಜಾ ಕಂಪನಿಯ ಧಣಿ ಬ್ರಾಮರ್ ತಂದ ಹೂಚಕ್ರವನ್ನು ಪಾದ್ರಿ ತಾವೇ ಎತ್ತಿ ಶವಪೆಟ್ಟಿಗೆಯ ಮೇಲೆ ಇಡುತ್ತಿದ್ದರು. ಅದಕ್ಕೆ ಬಳಿದಿದ್ದ ಸೆಂಟಿನ ನಾತಕ್ಕೆ ಐವಲೀನ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಳು. ಪೆಟ್ಟಿಗೆಯೊಳಗಿದ್ದವನು ಅವಳ ಅಣ್ಣ ಯೂಸ್ಟೇಸ್. ವೆಸ್ಟ್‌ಮೋರ್‌ಲೆಂಡಿನ ಗುಡ್ಡದಲ್ಲಿ ನಲವತ್ತು ವರ್ಷ ಗಾಂಜಾ ಬೆಳೆದವನು.

"ಗಾಂಜಾದವನು ಅಂತ ಇವನನ್ನ ಹಿಂದಿನ ಬೆಂಚಿಗೂ ಸೇರಿಸ್ತಿರಲಿಲ್ಲ ಈ ಪಾದ್ರಿ," ಪಕ್ಕದ ಮನೆಯ ಡೆಲ್ರಾಯ್ ಗೊಣಗಿದ. "ಬ್ರಾಮರನ ಕಂಪನಿ ಚರ್ಚಿಗೆ ಹೊಸ ಚಾವಣಿ ಹಾಕಿಸ್ತು ನೋಡು, ಈಗ ಗಾಂಜಾನೂ ಪವಿತ್ರ."

"ಸುಮ್ನಿರೋ. ಮೊದಲೇ ಈ ನಾತ ತಡಿಯೋಕಾಗ್ತಿಲ್ಲ."

*

ಬದುಕಿದ್ದಾಗ ಯೂಸ್ಟೇಸ್ ಗಾಂಜಾ ಸಸಿಯ ಕಾಂಡವನ್ನು ಎರಡು ಬೆರಳಲ್ಲಿ ಉಜ್ಜಿ ಮೂಸುತ್ತಿದ್ದ. ಒಂದು ಗಂಡು ಗಿಡಕ್ಕೆ ಆಗತಾನೆ ಸೀಳಿದ ದೇವದಾರಿನ ವಾಸನೆ, ಒಂದು ಹೆಣ್ಣು ಗಿಡಕ್ಕೆ ಮಲ್ಲಿಗೆಯದು. ಎರಡನ್ನೂ ಒಂದೇ ಗಿಡದಲ್ಲಿ ತರಬೇಕೆಂದು ಕುಂಚದಿಂದ ಪರಾಗ ಮುಟ್ಟಿಸಿದ. ಹುಟ್ಟಿದವುಗಳಲ್ಲಿ ಮುಕ್ಕಾಲು ಪಾಲು ಹೋತದಂತೆ ನಾರಿದವು. ಕಿತ್ತೆಸೆದು ಮತ್ತೆ ಬಿತ್ತಿದ. ಹನ್ನೊಂದನೆಯ ವರ್ಷ ಒಂದು ಬೆಳಿಗ್ಗೆ ಕೂಗಿದ: "ಐವಿ, ಓಡಿ ಬಾರೇ, ಮೂಸು! ಮೊದಲು ಹೂವು, ಆಮೇಲೆ ಮರ. ಬಂತಾ?"

"ಬಂತು ಕಣೋ ಅಣ್ಣ!"

ಪಾಲುದಾರನನ್ನಾಗಿ ಮಾಡುತ್ತೇನೆಂದು ಬ್ರಾಮರ್ ಆ ಗಿಡದ ಟೊಂಗೆ, ಬೀಜ ಎರಡನ್ನೂ ಒಯ್ದ. ಮರುವರ್ಷ ಅಂಗಡಿಗೆ ಬಂದ ಪೊಟ್ಟಣದ ಮೇಲೆ ಬ್ರಾಮರನ ಹೆಸರು, ಬ್ರಾಮರನ ನಗು.

"ಆ ಮನುಷ್ಯನಿಗೆ ವಾಸನೆಯೇ ತಿಳಿಯಲ್ಲ ಐವಿ," ಎಂದ ಯೂಸ್ಟೇಸ್. ಮತ್ತೆ ಯಾವ ಗಿಡವನ್ನೂ ಮೂಸಲಿಲ್ಲ.

*

"ನಾನು ಈ ತಳಿ ಸೃಷ್ಟಿಸಿದಾಗ ಯೂಸ್ಟೇಸ್ ನನ್ನ ನಂಬಿಕೆಯ ಆಳು," ಎಂದು ಬ್ರಾಮರ್ ಚರ್ಚಿನ ವೇದಿಕೆಯ ಮೇಲಿಂದ ಹೇಳುತ್ತಿದ್ದ.

ಐವಲೀನ್ ಎದ್ದು ಹೊರಗೆ ಹೋದಳು. ಬೇಲಿಯಲ್ಲಿ ತಾನಾಗಿ ಬೆಳೆದಿದ್ದ ಗಾಂಜಾ ಗಿಡದ ಕುಡಿಯೊಂದನ್ನು ಮುರಿದು ತಂದು ಬ್ರಾಮರನ ಮೂಗಿಗೆ ಹಿಡಿದಳು.

"ನಿಮ್ಮದೇ ತಳಿ. ಮೂಸಿ ಹೇಳಿ ಸ್ವಾಮಿ."

ಬ್ರಾಮರ್ ಕಣ್ಣು ಮುಚ್ಚಿದ. "ಆಹಾ! ಮಲ್ಲಿಗೆ. ಹಿಂದೆಯೇ ದೇವದಾರು."

ಅವಳು ಕುಡಿಯನ್ನು ಡೆಲ್ರಾಯ್‌ಗೆ ಕೊಟ್ಟಳು. ಮೂಸಿದವನೇ ಮುಖ ತಿರುಗಿಸಿದ. "ಥೂ! ಹೋತದ ಉಚ್ಚೆ!"

ಚರ್ಚು ಗೊಳ್ಳೆಂದಿತು. ಪಾದ್ರಿ ಅವಸರವಾಗಿ ಹಾಡು ಶುರುಮಾಡಿದರು.

ಪೆಟ್ಟಿಗೆ ಗುಂಡಿಗಿಳಿಯುವಾಗ ಬ್ರಾಮರ್ ಬಂದು ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಆದದ್ದು ಆಯ್ತು, ಮಿಸ್ ಐವಿ. ಮನೇಲಿ ಅವನ ಬೀಜ ಇನ್ನೂ ಏನಾದ್ರೂ ಉಳಿದಿದ್ರೆ..."

ಅವಳು ಕೈ ಕಿತ್ತುಕೊಂಡು, ಗುಂಡಿ ತೋಡಿದವರಿಗೆಂದು ಇಟ್ಟಿದ್ದ ರಮ್ಮಿನ ಬಾಟಲಿಯನ್ನು ಡೆಲ್ರಾಯ್‌ಗೆ ತೋರಿಸಿದಳು. "ಸುರಿ."

ಬ್ರಾಮರ್ ಮುಟ್ಟಿದ ಕೈಯನ್ನು ಉಗುರಿನ ಸಂದಿಯವರೆಗೂ ಉಜ್ಜಿದಳು. "ಇನ್ನೊಂದ್ಸಲ."

ಆಮೇಲೆ ತೊಟ್ಟಿಕ್ಕುವ ಬಲಗೈಯನ್ನು ಮೈಯಿಂದ ದೂರ ಹಿಡಿದು, ಎಡಗೈಯಲ್ಲಿ ಅಣ್ಣನ ಮೇಲೆ ಮಣ್ಣು ಹಾಕಿದಳು.